ನಲ್ಲಿಯ ಸದ್ದು

ಸ್ಟ್ಯಾನ್ಮೋರ್
೧೦ ಫೆಬ್ರವರಿ ೨೦೦೩

ಶ್ರೀ ಪೈಯಸ್ ಅವರಿಗೆ ನಮಸ್ಕಾರಗಳು.

ನನ್ನ ಪರಿಚಯ ನಿಮಗಿಲ್ಲ. ಹೆಸರು ವತ್ಸಲಾ. ಊರು ಬೆಂಗಳೂರಿನ ಚಾಮರಾಜಪೇಟೆ, ಇಂಗ್ಲೆಂಡಿಗೆ ಬಂದು ಇಪ್ಪತ್ತೆಂಟು ವರ್ಷವಾಯಿತು. ಮೆಲ್ಬರ್ನ್‌ನಲ್ಲಿ ನಿಮ್ಮ ಮಗ ಶಾನ್ ಜೊತೆ ಸೇರಿ ಹಾಡು ಮಾಡುವ ಜಾಹ್ನವಿ ನನ್ನ ಮಗಳು. ಆ ಸಲುಗೆಯಿಂದ ಬರೆಯುತ್ತಿದ್ದೇನೆ. ನಿಮ್ಮ ಮನೆಗೆ ಮೂರು ಸಲ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. ಪಪ್ಪಾ ಫೋನ್ ಎತ್ತುವುದಿಲ್ಲ, ಆಂಟಿ ಕಾಗದ ಬರೆಯಲಿ, ಅದೂ ಕನ್ನಡದಲ್ಲಿ ಬರೆದರೆ ಓದದೆ ಇರಲಾರರು ಎಂದು ಶಾನ್ ಹೇಳಿದನಂತೆ. ಮಗಳು ಇದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಿದಳು. ನಾನು ಕನ್ನಡದಲ್ಲಿ ಕೇಳಿದರೂ ಅವಳ ಉತ್ತರ ಇಂಗ್ಲಿಷಿನಲ್ಲೇ ಬರುವುದು.

ಇವರಿಬ್ಬರನ್ನು ಅಲ್ಲಿನ ಪತ್ರಿಕೆಗಳು ಆಸ್ಟ್ರೇಲಿಯಾದ ಹಿಪ್-ಹಾಪ್ ಜೋಡಿ ಎಂದು ಕರೆಯುತ್ತವೆ. ನೋಡಿ, ನಿಮ್ಮ ಗ್ರೀನ್‌ಫರ್ಡಿನ ಹುಡುಗ, ನಮ್ಮ ಸ್ಟ್ಯಾನ್ಮೋರಿನ ಹುಡುಗಿ. ಇಲ್ಲಿದ್ದಾಗ ಒಂದು ದಿನವೂ ಮುಖ ನೋಡದವರು ಭೂಮಿಯ ಆ ತುದಿಗೆ ಹೋಗಿ ಪರಿಚಯವಾದರು. ಜೋಡಿಗೆ 'ಫೋರ್ ಆಂಡ್ ಫೈವ್' ಎಂದು ಹೆಸರಿಟ್ಟುಕೊಂಡಿದ್ದಾರೆ. ಆಸ್ಟ್ರೇಲಿಯಾದವರಿಗೆ ಅರ್ಥವಾಗಿಲ್ಲ. ನನಗೆ ತಕ್ಷಣ ಹೊಳೆಯಿತು. ಲಂಡನ್ನಿನ ಟ್ಯೂಬ್ ರೈಲಿನಲ್ಲಿ ಗ್ರೀನ್‌ಫರ್ಡ್ ನಾಲ್ಕನೇ ಝೋನು, ನಮ್ಮದು ಐದನೆಯದು.

ವಿಷಯಕ್ಕೆ ಬರುತ್ತೇನೆ. ಇವರ ಹೊಸ ಸಿಂಗಲ್, ಅಂದರೆ ಒಂದೇ ಹಾಡಿನ ಸಿ.ಡಿ., ಮೇ ಕೊನೆಗೆ ಬರುತ್ತದೆ. ಹೆಸರು 'ವಾಷಿಂಗ್ ಅಪ್', ಪಾತ್ರೆ ತೊಳೆಯುವುದು ಅಂತ. ಅದರಲ್ಲಿ ಹಳೆಯ ಟೇಪಿನಿಂದ ತೆಗೆದ ಹೆಂಗಸಿನ ದನಿಯೊಂದಿದೆ. ತೀರಿಕೊಂಡ ನಿಮ್ಮ ಹೆಂಡತಿ ಲೂಯಿಜಾ ಅವರದು. ಆ ದನಿ ಬಳಸಲು ಗಂಡನ ಒಪ್ಪಿಗೆ ಬೇಕೆಂದು ಕಂಪನಿಯ ವಕೀಲರು ಪಟ್ಟು ಹಿಡಿದಿದ್ದಾರೆ. ಫಾರಂ ಇಟ್ಟಿದ್ದೇನೆ. ಏಪ್ರಿಲ್ ಮೊದಲ ವಾರದೊಳಗೆ ಸಹಿ ಮಾಡಿ ಕಳಿಸಬೇಕು. ನೀವು ಕೇಳಿ ನೋಡಲೆಂದು ಸಿ.ಡಿ. ಕೂಡ ಇಟ್ಟಿದ್ದೇನೆ.

ಒಂದು ಮಾತು ಮುಚ್ಚಿಡುವುದಿಲ್ಲ. ಈ ಬಗೆಯ ಹಾಡು ನನಗೆ ಯಾರೋ ತಾಳ ಹಾಕಿಕೊಂಡು ಕೌನ್ಸಿಲ್‌ನವರ ಜೊತೆ ಜಗಳಕ್ಕೆ ನಿಂತಂತೆ ಕೇಳಿಸುತ್ತದೆ. ನಮ್ಮವರು ಒಂದು ನಿಮಿಷ ಕೇಳಿ, "ಈ ಹುಡುಗನಿಗೆ ಯಾಕೆ ಇಷ್ಟೊಂದು ಕೋಪ?" ಅಂದರು. ಕೋಪ ಯಾರ ಮೇಲೆಂದು ಎರಡನೇ ಸಲ ಕೇಳಿದಾಗ ತಿಳಿಯಿತು. ಹಾಡಿನಲ್ಲಿ ಒಬ್ಬ ಅಪ್ಪ ಇದ್ದಾನೆ. ಮಗು ಕರೆಯುತ್ತದೆ, ಅಪ್ಪ ಪಾತ್ರೆ ತೊಳೆಯುತ್ತಿರುತ್ತಾನೆ. ಯಾವಾಗ ಕರೆದರೂ ತೊಳೆಯುತ್ತಿರುತ್ತಾನೆ. ಆಮೇಲೆ ಡ್ರಮ್ಮು ನಿಂತು ಆಕೆಯ ದನಿ ಬರುತ್ತದೆ, ನಾಲ್ಕೇ ಮಾತು, ನನಗೆ ತಿಳಿಯದ ಕೊಂಕಣಿ. ನಂತರ ಹದಿನೆಂಟು ಸೆಕೆಂಡು ಏನೂ ಇಲ್ಲ, ದೂರದಲ್ಲೆಲ್ಲೋ ನೀರು ಬಿಟ್ಟಂಥ ಸಣ್ಣ ಸದ್ದು ಬಿಟ್ಟರೆ. ಸಿ.ಡಿ. ಕೆಟ್ಟಿದೆ ಅಂದುಕೊಂಡು ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿದೆ. ಮತ್ತೆಯೂ ಹಾಗೆಯೇ ಬಂತು.

ಆಕೆ ಏನು ಹೇಳುತ್ತಿದ್ದಾರೆಂದು ತಿಳಿಸುವಿರಾ? ದನಿ ತುಂಬ ಹತ್ತಿರದವರದು ಅನ್ನಿಸಿತು, ಅದಕ್ಕೆ ಕೇಳಿದೆ.

ನಮಸ್ಕಾರಗಳೊಂದಿಗೆ,
ವತ್ಸಲಾ ನಾರಾಯಣಸ್ವಾಮಿ


ಗ್ರೀನ್‌ಫರ್ಡ್
೧೯ ಫೆಬ್ರವರಿ ೨೦೦೩

ವತ್ಸಲಾ ಅವರಿಗೆ ಪೈಯಸ್ ಮಾಡುವ ವಂದನೆಗಳು.

ನಿಮ್ಮ ಕಾಗದ ತಲುಪಿತು. ಸಿ.ಡಿ. ಹಾಕುವ ಯಂತ್ರ ನನ್ನಲ್ಲಿ ಇಲ್ಲ, ಆದ್ದರಿಂದ ಹಾಡು ಕೇಳಿಲ್ಲ. ಕೇಳುವ ಅಗತ್ಯವೂ ಕಾಣುವುದಿಲ್ಲ. ಸಿ.ಡಿ. ಮತ್ತು ಫಾರಂ ಹಿಂದೆ ಕಳುಹಿಸಿದ್ದೇನೆ. ಸಹಿ ಹಾಕಿಲ್ಲ.

ಕಾರಣ ಹೇಳದೆ ಇಲ್ಲ ಅನ್ನುವುದು ಮರ್ಯಾದೆಯಲ್ಲ, ಆದ್ದರಿಂದ ಬರೆಯುತ್ತೇನೆ. ನಾವು ಉದ್ಯಾವರದ ಕಡೆಯ ಕೊಂಕಣಿ ಕ್ರೈಸ್ತರು. ಮನೆಯಲ್ಲಿ ಕೊಂಕಣಿ, ಕಾಗದಕ್ಕೆ ಕನ್ನಡ. ಸಂಜೆ ಮನೆಮಂದಿ ಎಲ್ಲ ಮೊಣಕಾಲೂರಿ ಜಪಸರ ಹೇಳುತ್ತೇವೆ. ಅದಕ್ಕೆ ನಮ್ಮಲ್ಲಿ ತೇರ್ಸ್ ಅನ್ನುವುದು. ಮುಗಿದ ಮೇಲೆ ಮಕ್ಕಳು ಒಬ್ಬೊಬ್ಬರಾಗಿ ಹಿರಿಯರ ಮುಂದೆ ಕೈಮುಗಿದು "ಬೆಸಾಂವ್ ದೀ" ಅನ್ನಬೇಕು, ಆಶೀರ್ವಾದ ಕೊಡು ಅಂತ. ಹಿರಿಯರು "ದೇವ್ ಬೆಸಾಂವ್ ದೀಂವ್" ಅಂದು ತಲೆ ಮುಟ್ಟುತ್ತಾರೆ. ದೇವರು ನಿನ್ನನ್ನು ಆಶೀರ್ವದಿಸಲಿ ಅಂತ ಅರ್ಥ. ಊರು ಬಿಟ್ಟು ಹೊರಡುವಾಗಲೂ ಅಷ್ಟೇ. ಬೆಸಾಂವ್ ಕೇಳದೆ ಹೊಸಿಲು ದಾಟುವ ಕ್ರಮ ನಮ್ಮಲ್ಲಿ ಇಲ್ಲ.

೧೯೮೧ರಲ್ಲಿ ಕುವೈತಿನ ಒಂದು ಕುಟುಂಬದ ಜೊತೆ ನಾನು ಅಡುಗೆಯವನಾಗಿ, ಲೂಯಿಜಾ ಅವರ ಮಕ್ಕಳನ್ನು ನೋಡಿಕೊಳ್ಳುವವಳಾಗಿ ಲಂಡನ್‌ಗೆ ಬಂದೆವು. ಅವರ ಮನೆಯ ಬೇಸ್‌ಮೆಂಟಿನಲ್ಲಿ ಒಂದು ಕೋಣೆ ಕೊಟ್ಟಿದ್ದರು. ನಮ್ಮ ಮಗುವಿಗೆ ಅಲ್ಲಿ ಜಾಗ ಇರಲಿಲ್ಲ. ಮೂರು ವರ್ಷದ ಶಾನ್‌ನನ್ನು ನನ್ನ ತಾಯಿಯ ಹತ್ತಿರ ಬಿಟ್ಟು ಬಂದೆವು. ಅವನಿಗೆ ಹನ್ನೊಂದು ತುಂಬುವವರೆಗೆ ಕರೆತರಲಾಗಲಿಲ್ಲ. ಆ ಎಂಟು ವರ್ಷ ಲೂಯಿಜಾ ಕ್ಯಾಸೆಟಿನಲ್ಲಿ ಮಾತಾಡಿ, ಊರಿಗೆ ಹೋಗುವವರ ಕೈಯಲ್ಲಿ ಕಳುಹಿಸುತ್ತಿದ್ದಳು. ಪ್ರತಿ ಕ್ಯಾಸೆಟಿನ ಕೊನೆಗೆ ಬೆಸಾಂವ್ ಕೊಡುತ್ತಿದ್ದಳು. ನನ್ನ ತಾಯಿ ತೇರ್ಸ್ ಆದ ಮೇಲೆ ಟೇಪ್ ರೆಕಾರ್ಡರನ್ನು ದೇವರ ಪೀಠದ ಹತ್ತಿರ ಇಟ್ಟು ಅಷ್ಟನ್ನು ಹಾಕುವುದು, ಹುಡುಗ ಟೇಪ್ ರೆಕಾರ್ಡರಿಗೆ ಕೈಮುಗಿದು ನಿಲ್ಲುವುದು. ನೀವು ನಗಬಹುದು. ಅವನಿಗೆ ತಾಯಿ ಅಂದರೆ ಅಷ್ಟೇ ಇತ್ತು.

ಅದು ದೇವರ ಪೀಠದ ಮುಂದಿನ ಮಾತು. ಡ್ರಮ್ಮು ಬಾರಿಸಿ ಅಂಗಡಿಯಲ್ಲಿ ಇಡುವ ಮಾತಲ್ಲ. ೧೯೯೯ರಲ್ಲಿ ಲೂಯಿಜಾಳನ್ನು ಮಣ್ಣು ಮಾಡಿದ ಮೇಲೆ ನನ್ನ ಬೆಸಾಂವ್ ಕೇಳದೆ ಈ ಮನೆಯಿಂದ ಹೋದವನಿಗೆ, ಈಗ ತಾಯಿಯ ಬೆಸಾಂವ್ ಮಾರಲು ನನ್ನ ಸಹಿ ಬೇಕಂತೆ. ಚಂದ ಉಂಟು.

ನಿಮ್ಮ ಮೇಲೆ ನನಗೆ ಬೇಸರ ಇಲ್ಲ.

ಇತಿ,
ಪೈಯಸ್


ಸ್ಟ್ಯಾನ್ಮೋರ್
೩ ಮಾರ್ಚ್ ೨೦೦೩

ಪೈಯಸ್ ಅವರಿಗೆ ನಮಸ್ಕಾರಗಳು.

ನಾನು ನಗಲಿಲ್ಲ. ಟೇಪ್ ರೆಕಾರ್ಡರಿಗೆ ಕೈಮುಗಿದ ಹುಡುಗನ ಜಾಗವನ್ನು ಎರಡೆರಡು ಸಲ ಓದಿದೆ. ಒಲೆಯ ಮೇಲಿದ್ದ ಸಾರು ಉಕ್ಕಿ ಹೋಯಿತು.

ಸಹಿ ಹಾಕಿ ಎಂದು ಇನ್ನು ಹೇಳುವುದಿಲ್ಲ. ಹೆಂಡತಿ ನಿಮ್ಮವರು, ದನಿ ಅವರದು. ನೀವು ಹಾಕದಿದ್ದರೆ ಆ ದನಿಯಿಲ್ಲದೆ ಹಾಡು ಬರುವುದಿಲ್ಲ, ಹಾಡನ್ನೇ ಬಿಟ್ಟುಬಿಡುತ್ತೇನೆ ಎಂದಿದ್ದಾನಂತೆ ಶಾನ್. ಅದು ಅವನ ಹಠ. ಹಠದಲ್ಲಿ ತಂದೆ ಮಗ ಇಬ್ಬರಿಗೂ ಹತ್ತಕ್ಕೆ ಹತ್ತು ಅಂಕ ಕೊಡಬಹುದು.

ಆದರೆ ನಿಮ್ಮ ಕಾಗದದಲ್ಲಿ ಒಂದು ವಿಷಯ ಬಿಟ್ಟುಹೋಗಿದೆ. ಆ ಕ್ಯಾಸೆಟುಗಳೆಲ್ಲ ಎಲ್ಲಿವೆ? ಮಗಳನ್ನು ಕೇಳಿದೆ. ನಲವತ್ತೊಂದು ಇವೆಯಂತೆ, ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ, ಎಲ್ಲವೂ ಶಾನ್ ಬಳಿ. ಅಂದರೆ ನಿಮ್ಮ ಹತ್ತಿರ ಒಂದೂ ಇಲ್ಲ. ಮೂರೂವರೆ ವರ್ಷದಿಂದ ನೀವು ಲೂಯಿಜಾ ಅವರ ದನಿ ಕೇಳಿಲ್ಲ ತಾನೆ?

ಸಿ.ಡಿ. ಯಂತ್ರ ಇಲ್ಲ ಎಂದಿರಲ್ಲ. ನಮ್ಮ ಮ್ಯೂಸಿಕ್ ಸಿಸ್ಟಮ್ಮಿನಲ್ಲಿ ಹಾಡನ್ನು ಕ್ಯಾಸೆಟಿಗೆ ಇಳಿಸಿ ಕಳಿಸಿದ್ದೇನೆ. ಇದು ಸಹಿಗಾಗಿ ಅಲ್ಲ. ಫಾರಂ ಲಕೋಟೆಯಲ್ಲಿ ತಾನಾಗಿ ಬಂದಿದೆ ಅಂದುಕೊಳ್ಳಿ.

ಇನ್ನೊಂದು ಮಾತು. ಆ ಹದಿನೆಂಟು ಸೆಕೆಂಡಿನ ಮೌನವನ್ನು ತೆಗೆದುಬಿಡೋಣ, ಜನ ತಾಳ್ಮೆಗೆಡುತ್ತಾರೆ ಎಂದು ಜಾಹ್ನವಿ ಶಾನ್‌ಗೆ ಎಷ್ಟೋ ಹೇಳಿದಳಂತೆ. ಅವನು ಒಂದು ಸೆಕೆಂಡನ್ನೂ ಬಿಟ್ಟುಕೊಡಲಿಲ್ಲ. ಅಲ್ಲಿ ಏನಿತ್ತೆಂದು ಕೇಳಿದರೆ, ಅಲ್ಲಿ ಏನೂ ಇರಲಿಲ್ಲ, ಅದೇ ವಿಷಯ ಎಂದನಂತೆ.

ನಿಮ್ಮ,
ವತ್ಸಲಾ


ಗ್ರೀನ್‌ಫರ್ಡ್
೨೭ ಮಾರ್ಚ್ ೨೦೦೩

ವತ್ಸಲಮ್ಮನವರಿಗೆ ವಂದನೆಗಳು.

ನಿಮ್ಮ ಕ್ಯಾಸೆಟ್ ಬಂದ ಹೊತ್ತಿಗೆ ತಪಸ್ಸು ಕಾಲ ಆರಂಭವಾಗಿತ್ತು. ಈಸ್ಟರ್ ವರೆಗೆ ನಮ್ಮ ಮನೆಯಲ್ಲಿ ಹಾಡು ಹಾಕುವುದಿಲ್ಲ. ಒಳ್ಳೆಯ ನೆಪ ಸಿಕ್ಕಿತು ಅಂತ ಅದನ್ನು ದೇವರ ಪೀಠದಲ್ಲಿ ಮೊಂಬತ್ತಿಯ ಪೆಟ್ಟಿಗೆಯ ಹಿಂದೆ ಇಟ್ಟೆ. ದಿನಾ ತೇರ್ಸ್ ಹೇಳುವಾಗ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಮೊನ್ನೆ ಇಪ್ಪತ್ತೈದಕ್ಕೆ ಮರಿಯಮ್ಮನವರ ಮಂಗಳವಾರ್ತೆಯ ಹಬ್ಬ. ಹಬ್ಬದ ದಿನಕ್ಕೆ ಬಿಗಿ ಸ್ವಲ್ಪ ಸಡಿಲ ಅಂತ ನಾನೇ ಒಂದು ಕಾನೂನು ಮಾಡಿಕೊಂಡು, ಲೂಯಿಜಾಳ ಹಳೆಯ ಟೇಪ್ ರೆಕಾರ್ಡರನ್ನು ಲಾಫ್ಟಿನಿಂದ ಇಳಿಸಿದೆ. ಅವಳು ಮಾತಾಡಿ ತುಂಬಿಸುತ್ತಿದ್ದದ್ದು ಅದರಲ್ಲೇ.

ಅವಳ ದನಿ ಬಂದಾಗ ನಾನು ಎದ್ದು ನಿಂತೆ. ಯಾಕೆ ನಿಂತೆನೋ ಗೊತ್ತಿಲ್ಲ.

ಅವಳು ಹೇಳುವುದು ಏನೆಂದು ಕೇಳಿದ್ದಿರಿ. "ದೇವರು ನಿನ್ನನ್ನು ಆಶೀರ್ವದಿಸಲಿ ಮಗಾ. ಈಗ ಪಪ್ಪಾ ಬೆಸಾಂವ್ ಕೊಡ್ತಾರೆ." ಇಷ್ಟು. ಆಮೇಲೆ ನಿಮ್ಮ ಹದಿನೆಂಟು ಸೆಕೆಂಡು. ಆಮೇಲೆ, "ಪಪ್ಪಾನಿಗೆ ಕೆಲಸ ಉಂಟು. ಮುಂದಿನ ಸಲ ಕೊಡ್ತಾರೆ. ಮಲಗು ಆಯ್ತಾ."

ಆ ನೀರಿನ ಸದ್ದು ಸಿ.ಡಿ.ಯ ದೋಷ ಅಲ್ಲ. ಅದು ನಾನು.

ಬೇಸ್‌ಮೆಂಟಿನ ಕೋಣೆಯ ಮೂಲೆಯಲ್ಲಿ ಒಂದು ಸಿಂಕ್ ಇತ್ತು, ಮುಂದೆ ಒಂದು ಪರದೆ. ಲೂಯಿಜಾ ಟೇಪ್ ರೆಕಾರ್ಡರನ್ನು ನನ್ನ ಕಡೆಗೆ ತಿರುಗಿಸಿದಾಗಲೆಲ್ಲ ನಾನು ಎದ್ದು ಪರದೆಯ ಹಿಂದೆ ಹೋಗಿ ನಲ್ಲಿ ಬಿಡುತ್ತಿದ್ದೆ. ತೊಳೆಯಲು ಪಾತ್ರೆ ಇರಲಿಲ್ಲ ಅಮ್ಮಾ. ಬಾಯಿ ತೆರೆದರೆ ಅಳು ಬರುತ್ತಿತ್ತು. ಬೇರೆಯವರ ಮಕ್ಕಳಿಗೆ ಮೂರು ಹೊತ್ತು ಬೇಯಿಸಿ ಹಾಕಿ ಬಂದು, ನನ್ನ ಮಗುವಿಗೆ ಒಂದು ಬೆಸಾಂವ್ ಕೊಡಲು ನನ್ನಿಂದ ಆಗುತ್ತಿರಲಿಲ್ಲ. ತಂದೆ ಅಳುವುದನ್ನು ಕೇಳಿದರೆ ಐದಾರು ವರ್ಷದ ಹುಡುಗ ಅಲ್ಲಿ ಎಷ್ಟು ಹೆದರಬೇಡ? ನೀರಿನ ಸದ್ದಿನಲ್ಲಿ ಮುಚ್ಚಿ ಹೋಗಲಿ ಅಂತ ಬಿಡುತ್ತಿದ್ದೆ. ಮುಚ್ಚಿ ಹೋಯಿತು. ಅವನಿಗೆ ನೀರು ಮಾತ್ರ ಕೇಳಿಸಿತು.

ಲೂಯಿಜಾ ಕಾಯಿಲೆ ಬಿದ್ದಾಗಲೂ ನಾನು ಮಾಡಿದ್ದು ಅದನ್ನೇ. ಶಾನ್‌ಗೆ ಮೆಲ್ಬರ್ನ್‌ನಲ್ಲಿ ಸೌಂಡ್ ಎಂಜಿನಿಯರಿಂಗಿನ ಕೊನೆಯ ಪರೀಕ್ಷೆ. ದೂರ ಇರುವವರಿಗೆ ಕೆಟ್ಟ ಸುದ್ದಿ ಕೂಡಲೇ ಹೇಳಬಾರದು ಅಂತ ನಮ್ಮ ಕಡೆ ಎಲ್ಲರೂ ಮಾಡುವುದುಂಟು. ಅವನು ಫೋನ್ ಮಾಡಿದಾಗಲೆಲ್ಲ "ಮಮ್ಮಿಗೆ ಸ್ವಲ್ಪ ಜ್ವರ, ಮಲಗಿದ್ದಾಳೆ" ಅಂದೆ. ಆರು ವಾರ ಅಂದೆ. ಅವಳು ಆಸ್ಪತ್ರೆಯ ಮಂಚದಲ್ಲಿ "ಶಾನ್ ಹೊರಟನಾ?" ಅಂತ ಕೇಳುತ್ತಿದ್ದಳು. ಪರೀಕ್ಷೆ ಮುಗಿಯಲು ನಾಲ್ಕು ದಿನ ಇರುವಾಗ ಅವಳು ಹೋದಳು. ಅವನು ಬಂದದ್ದು ಪೆಟ್ಟಿಗೆ ನೋಡಲಿಕ್ಕೆ.

ಹಿಂದೆ ಹೊರಟ ದಿನ ನಾನು ಕೈ ಎತ್ತಲು ಸಿದ್ಧನಾಗಿ ಬಾಗಿಲಲ್ಲಿ ನಿಂತಿದ್ದೆ. ಅವನು ಬ್ಯಾಗು ತೆಗೆದುಕೊಂಡು "ಬೈ ಪಪ್ಪಾ" ಅಂದು ಇಳಿದು ಹೋದ. ನಾನು ಒಳಗೆ ಬಂದು ನಲ್ಲಿ ಬಿಟ್ಟೆ.

ಹಾಡಿನಲ್ಲಿ ಅವನು ಹೇಳಿದ್ದು ಸುಳ್ಳಲ್ಲ. ಅವನಿಗೆ ಕೇಳಿಸಿದ್ದು ಅಷ್ಟೇ. ಸಹಿ ಹಾಕಿ ಫಾರಂ ಇಟ್ಟಿದ್ದೇನೆ. ಇಲ್ಲಿ ಬರೆದದ್ದನ್ನು ಮಾತ್ರ ಮಕ್ಕಳಿಗೆ ತಿಳಿಸಬೇಡಿ. ಇಷ್ಟು ವರ್ಷ ಬಿಟ್ಟು ಈಗ ಹೇಳಿದರೆ ಸಬೂಬು ಹುಡುಕಿದ ಹಾಗೆ ಆಗುತ್ತದೆ.

ಇತಿ,
ಪೈಯಸ್


ಸ್ಟ್ಯಾನ್ಮೋರ್
೨ ಏಪ್ರಿಲ್ ೨೦೦೩

ಪೈಯಸ್ ಅವರಿಗೆ,

ಫಾರಂ ಇವತ್ತೇ ಕೊರಿಯರ್ ಮಾಡಿದೆ. ನೀವು ಬರೆದದ್ದನ್ನು ಯಾರಿಗೂ ಹೇಳುವುದಿಲ್ಲ. ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಎಂದು ನಮ್ಮವರು ದಿನಾ ಆಡಿಕೊಳ್ಳುತ್ತಾರೆ. ಈ ಮಾತು ನಿಲ್ಲುತ್ತದೆ.

ಆದರೆ ನನಗೆ ನಿಮ್ಮ ಮೇಲೆ ಸಿಟ್ಟು ಬಂದಿದೆ, ಹೇಳದೆ ಇರಲಾರೆ. ಅಳುವನ್ನು ಮುಚ್ಚಲು ಹೋಗಿ ಆಶೀರ್ವಾದವನ್ನೂ ಮುಚ್ಚಿಬಿಟ್ಟಿರಲ್ಲ! ಆ ಹುಡುಗ ಹದಿನೆಂಟು ಸೆಕೆಂಡು ಖಾಲಿ ಬಿಟ್ಟು ಕಾಯುತ್ತಿದ್ದಾನೆ. ಹಾಡು ಅಚ್ಚಿಗೆ ಹೋಗುವುದು ಮೇ ಐದಕ್ಕೆ. ಅದಕ್ಕೆ ಮುಂಚೆ ಏನು ಬೇಕಾದರೂ ಸೇರಿಸಬಹುದಂತೆ. ನಿಮ್ಮಲ್ಲಿ ಟೇಪ್ ರೆಕಾರ್ಡರ್ ಇದೆ, ಬೆಸಾಂವ್ ಎಂಬುದು ಮೂರು ಮಾತು. ಇದಕ್ಕಿಂತ ಹೆಚ್ಚು ಹೇಳಿದರೆ ನಾನು ಹದ್ದು ಮೀರಿದಂತೆ.

ಶಾನ್ ವಿಳಾಸ ಕೆಳಗಿದೆ.

ವತ್ಸಲಾ


ಗ್ರೀನ್‌ಫರ್ಡ್
೨೨ ಏಪ್ರಿಲ್ ೨೦೦೩

ಪ್ರೀತಿಯ ಶಾನ್‌ಗೆ ಪಪ್ಪಾ ಮಾಡುವ ಆಶೀರ್ವಾದಗಳು.

ನಾನು ಕ್ಷೇಮ. ಮಂಡಿನೋವು ಉಂಟು, ಜಿಪಿ ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ. ಗೋಡೌನಿನ ಕೆಲಸದಿಂದ ಕಳೆದ ವರ್ಷ ನಿವೃತ್ತನಾದೆ. ಮಮ್ಮಿಯ ಸಮಾಧಿಗೆ ಪ್ರತಿ ಆದಿತ್ಯವಾರ ಹೋಗಿ ಬರುತ್ತೇನೆ.

ಹಾಡು ಕೇಳಿದೆ. ನಿನ್ನ ಇಂಗ್ಲಿಷ್ ವೇಗದಲ್ಲಿ ಎಲ್ಲವೂ ತಿಳಿಯಲಿಲ್ಲ, ತಿಳಿಯಬೇಕಾದದ್ದು ತಿಳಿಯಿತು.

ಮಮ್ಮಿಯ ಕಾಯಿಲೆಯನ್ನು ನಿನ್ನಿಂದ ಮುಚ್ಚಿಟ್ಟದ್ದು ತಪ್ಪು. ಅವಳು ನಿನ್ನನ್ನು ಕೇಳುತ್ತಿದ್ದಳು. ಅವಳಿಗೂ ನಿನಗೂ ನಾನು ಅನ್ಯಾಯ ಮಾಡಿದೆ. ಇದನ್ನು ಬರೆಯಲು ನನಗೆ ಮೂರೂವರೆ ವರ್ಷ ಹಿಡಿಯಿತು.

ಇದರ ಜೊತೆ ಒಂದು ಕ್ಯಾಸೆಟ್ ಕಳುಹಿಸಿದ್ದೇನೆ. ಈಸ್ಟರ್ ದಿನ ತೇರ್ಸ್ ಆದ ಮೇಲೆ ಮಮ್ಮಿಯ ಟೇಪ್ ರೆಕಾರ್ಡರಿನಲ್ಲಿ ಮಾತಾಡಿದ್ದು. ಮೊದಲಿಗೆ ಒಂದು ಮಾತು ಉಂಟು, ಉಳಿದದ್ದು ಖಾಲಿ. ನಿನ್ನ ಹಾಡಿನಲ್ಲಿ ಜಾಗ ಇದ್ದರೆ ಹಾಕು. ಬೇಡ ಅನ್ನಿಸಿದರೆ ಬೇಡ.

ಚಳಿಗೆ ಬೆಚ್ಚ ಬಟ್ಟೆ ಹಾಕು. ಅಲ್ಲಿ ಈಗ ಚಳಿ ಆರಂಭ ಅಂತ ಕೇಳಿದೆ.

ನಿನ್ನ,
ಪಪ್ಪಾ


ಸ್ಟ್ಯಾನ್ಮೋರ್
೯ ಜೂನ್ ೨೦೦೩

ಪೈಯಸ್ ಅವರಿಗೆ ನಮಸ್ಕಾರ.

ಸಿಂಗಲ್ ಬಂದಿದೆ. ಜಾಹ್ನವಿ ಕಳಿಸಿದ ಪ್ರತಿ ನಿನ್ನೆ ಕೈಸೇರಿತು. ನಿಮ್ಮ ದನಿಯನ್ನು ಕೇಳಲು ಕಾತರದಿಂದ ಹಾಕಿದೆ. ಲೂಯಿಜಾ ಅವರ ಮಾತು ಬಂತು. ನಂತರ ಅದೇ ಮೌನ, ಅದೇ ಹದಿನೆಂಟು ಸೆಕೆಂಡು, ಅದೇ ನೀರು. ನೀವು ಎಲ್ಲಿಯೂ ಇಲ್ಲ.

ನಿಮ್ಮ ಕ್ಯಾಸೆಟ್ ತಲುಪಲಿಲ್ಲವೇ? ಮಗಳನ್ನು ಕೇಳಿದರೆ, ತಲುಪಿತು, ಅದರ ಬಗ್ಗೆ ಶಾನ್ ತಾನೇ ಬರೆಯುತ್ತಾನೆ ಎಂದು ಫೋನ್ ಇಟ್ಟಳು. ಎಂದೂ ಹಾಗೆ ಇಡುವವಳಲ್ಲ. ಅವನು ಒಂದು ತಿಂಗಳಿಂದ ಸ್ಟುಡಿಯೋ ಬಿಟ್ಟು ಹೊರಬಂದಿಲ್ಲವಂತೆ, ಹೊಸ ಹಾಡೂ ಮಾಡುತ್ತಿಲ್ಲವಂತೆ. ಒಂದು ಬದಲಾವಣೆ ಮಾತ್ರ ಕಂಡೆ. ಮೊದಲಿನ ಸಿ.ಡಿ.ಯಲ್ಲಿ ಹಾಡು ಮುಗಿಯುವಾಗ ಅಪ್ಪ ಇನ್ನೂ ತೊಳೆಯುತ್ತಲೇ ಇದ್ದಾನೆ ಎಂಬ ಸಾಲಿತ್ತು. ಈಗ ಆ ಸಾಲಿಲ್ಲ.

ಅಲ್ಲಿನ ರೇಡಿಯೋದವರು ಆ ಮೌನ ಬಂದಾಗ ಯಂತ್ರ ಕೆಟ್ಟಿತೆಂದು ನಡುವೆ ಬಾಯಿ ಹಾಕುತ್ತಾರಂತೆ.

ನಾನೇ ನಿಮ್ಮನ್ನು ಇದಕ್ಕೆ ಹುರಿದುಂಬಿಸಿದವಳು. ನಿಮಗೆ ನೋವಾಗಿದ್ದರೆ ಅದರಲ್ಲಿ ನನ್ನ ಪಾಲೂ ಇದೆ. ಕ್ಷಮಿಸಿ.

ವತ್ಸಲಾ


ಗ್ರೀನ್‌ಫರ್ಡ್
೧೫ ಜೂನ್ ೨೦೦೩

ವತ್ಸಲಮ್ಮನವರಿಗೆ ವಂದನೆಗಳು.

ನೀವು ಕ್ಷಮೆ ಕೇಳಬೇಡಿ. ಅವನ ಕಾಗದ ಬಂದಿಲ್ಲ. ಬೇಡ ಅನ್ನಿಸಿದರೆ ಬೇಡ ಅಂತ ನಾನೇ ಬರೆದಿದ್ದೆ, ಅವನಿಗೆ ಬೇಡ ಅನ್ನಿಸಿರಬೇಕು. ಎಂಟು ವರ್ಷ ಮಗು ಕಾದು ನಿಂತಿದ್ದಾಗ ಕೊಡದ್ದನ್ನು ಇಪ್ಪತ್ತೈದು ವರ್ಷದವನಿಗೆ ಅಂಚೆಯಲ್ಲಿ ಕಳುಹಿಸಿದರೆ ಯಾರು ತೆಗೆದುಕೊಳ್ಳುತ್ತಾರೆ? ಮಾಡಿದ್ದುಣ್ಣೋ ಮಹಾರಾಯ ಅಂತ ಗಾದೆಯೇ ಉಂಟು.

ದುಃಖ ಆಗಿದೆ, ಇಲ್ಲ ಅನ್ನುವುದಿಲ್ಲ. ಬೆಳಿಗ್ಗೆ ಪೋಸ್ಟ್ ಬರುವ ಹೊತ್ತಿಗೆ ಬಾಗಿಲ ಹತ್ತಿರ ನಿಲ್ಲುವುದು ಈಗ ಅಭ್ಯಾಸ ಆಗಿದೆ. ನೀವು ಕಳುಹಿಸಿದ ಕ್ಯಾಸೆಟನ್ನು ಮಾತ್ರ ದಿನಾ ಸಂಜೆ ಹಾಕುತ್ತೇನೆ. ಡ್ರಮ್ಮಿಗೆ ಕಿವಿ ಒಗ್ಗಿ ಹೋಗಿದೆ. ಲೂಯಿಜಾ ಮಾತಾಡುವ ಜಾಗ ಬಂದಾಗ ಎದ್ದು ನಿಲ್ಲುತ್ತೇನೆ.

ಇತಿ,
ಪೈಯಸ್


ಮೆಲ್ಬರ್ನ್
೨೯ ಜೂನ್ ೨೦೦೩

ಪ್ರೀತಿಯ ಪಪ್ಪಾ,

ಕನ್ನಡದಲ್ಲಿ ಬರೆಯುತ್ತಿದ್ದೇನೆ. ಉದ್ಯಾವರದ ಶಾಲೆ ಬಿಟ್ಟ ಮೇಲೆ ಇಷ್ಟು ಉದ್ದ ಬರೆದಿಲ್ಲ. ತಪ್ಪುಗಳನ್ನು ಕ್ಷಮಿಸಿ. ತಡವಾಯಿತು, ಅದನ್ನೂ ಕ್ಷಮಿಸಿ. ತಡವಾದದ್ದಕ್ಕೆ ಕಾರಣ ಇದೆ.

ನಿಮ್ಮ ಕ್ಯಾಸೆಟ್ ಏಪ್ರಿಲ್ ೩೦ಕ್ಕೆ ಬಂತು. ಸ್ಟುಡಿಯೋದಲ್ಲಿ ಜಾಹ್ನವಿ ಹಾಕಿದಳು. ನೀವು ಗಂಟಲು ಸರಿ ಮಾಡಿಕೊಂಡಿರಿ. "ದೇವ್ ಬೆಸಾಂವ್ ದೀಂವ್, ಶಾನ್" ಅಂದಿರಿ. ಎಂಟು ಸೆಕೆಂಡು. ಆ ಜಾಗದಲ್ಲಿ ಸರಿಯಾಗಿ ಕೂರುತ್ತದೆ ಎಂದಳು ಜಾಹ್ನವಿ. ನಾನು ಟೇಪ್ ನಿಲ್ಲಿಸಲು ಕೈ ಚಾಚಿದೆ. ಆಗ ಕುರ್ಚಿ ಸರಿದ ಸದ್ದು ಕೇಳಿಸಿತು.

ಪಪ್ಪಾ, ನೀವು ಟೇಪ್ ನಿಲ್ಲಿಸಲು ಮರೆತಿದ್ದಿರಿ.

ನೀವು ನಡೆದು ಹೋದದ್ದು ಕೇಳಿಸಿತು. ಅಡುಗೆಮನೆಯ ಬಾಗಿಲು ಕೇಳಿಸಿತು. ಆಮೇಲೆ ನಲ್ಲಿ ಬಿಟ್ಟಿರಿ. ಆ ಸದ್ದು ನನಗೆ ಚೆನ್ನಾಗಿ ಗೊತ್ತು. ಅಜ್ಜಿಯ ಮನೆಯಲ್ಲಿ ಕೈಮುಗಿದು ನಿಂತು ಎಂಟು ವರ್ಷ ಕೇಳಿದ್ದೇನೆ. "ಈಗ ಪಪ್ಪಾ ಕೊಡ್ತಾರೆ" ಎಂದು ಮಮ್ಮಿ ಹೇಳಿದ ಮೇಲೆ ಪ್ರತಿ ಸಲ ಅದೇ ಬರುತ್ತಿತ್ತು. ನಾನು ಕೈ ಬಿಡದೆ ಕಾಯುತ್ತಿದ್ದೆ. ಪಪ್ಪಾನಿಗೆ ನನಗಿಂತ ಪಾತ್ರೆ ಮುಖ್ಯ ಎಂದು ಅಂದುಕೊಂಡಿದ್ದೆ. ಸ್ಟುಡಿಯೋದಲ್ಲಿಯೂ ನನಗೆ ಸಿಟ್ಟು ಬಂತು. ಇವತ್ತೂ ಪಾತ್ರೆಯೇ ಎಂದು ಎದ್ದೆ. ಜಾಹ್ನವಿ ನನ್ನ ಕೈ ಹಿಡಿದು ಕೂರಿಸಿದಳು. ವಾಲ್ಯೂಮ್ ಏರಿಸಿದಳು. ನೀರಿನ ಸದ್ದಿನ ಅಡಿಯಲ್ಲಿ ನೀವು ಅಳುತ್ತಿದ್ದಿರಿ.

ನೀವು ಅಳುವುದನ್ನು ನಾನು ಯಾವತ್ತೂ ಕೇಳಿರಲಿಲ್ಲ. ಮಮ್ಮಿಯನ್ನು ಮಣ್ಣು ಮಾಡಿದ ದಿನವೂ ಕೇಳಿರಲಿಲ್ಲ. ಅವತ್ತು ಅದಕ್ಕೇ ನಾನು ಬೆಸಾಂವ್ ಕೇಳದೆ ಹೋದೆ.

ಮನೆಗೆ ಹೋಗಿ ಬಿಸ್ಕತ್ತಿನ ಡಬ್ಬಿ ತಂದೆ. ನಲವತ್ತೊಂದು ಕ್ಯಾಸೆಟ್‌ಗಳಲ್ಲೂ ಆ ಜಾಗ ಹುಡುಕಿದೆ. ನಮ್ಮ ಯಂತ್ರದಲ್ಲಿ ಒಂದು ಸದ್ದನ್ನು ತಗ್ಗಿಸಿ ಅದರ ಕೆಳಗಿನದನ್ನು ಮೇಲೆ ತರಬಹುದು. ನನ್ನ ಕೆಲಸವೇ ಅದು. ಆದರೆ ಹಳೆಯ ಕ್ಯಾಸೆಟ್, ನಿಧಾನವಾಗಿ ಮಾಡಬೇಕು. ಒಂದೊಂದಕ್ಕೆ ಒಂದು ದಿನ, ಕೆಲವಕ್ಕೆ ಎರಡು ದಿನ ಹಿಡಿಯಿತು. ಕಳೆದ ವಾರ ಮುಗಿಯಿತು. ಎಂಟು ಕ್ಯಾಸೆಟ್‌ಗಳಲ್ಲಿ ನೀರು ಮಾತ್ರ ಇದೆ, ಬೇರೇನೂ ಸಿಗಲಿಲ್ಲ. ಮೂವತ್ತಮೂರರಲ್ಲಿ ನೀವು ಇದ್ದೀರಿ. ೧೯೮೪ರ ಒಂದರಲ್ಲಿ ನನ್ನ ಹೆಸರೂ ಇದೆ.

ನೀವು ಕಳುಹಿಸಿದ ಬೆಸಾಂವ್ ಅನ್ನು ಹಾಡಿಗೆ ಹಾಕಲಿಲ್ಲ. ಅದು ಅಂಗಡಿಯ ಮಾತಲ್ಲ ಎಂದು ನೀವು ಮೊದಲ ಕಾಗದದಲ್ಲಿ ಬರೆದದ್ದನ್ನು ವತ್ಸಲಾ ಆಂಟಿ ಆಗಲೇ ಜಾಹ್ನವಿಗೆ ಹೇಳಿದ್ದರು. ಅದು ನನಗೆ ಕೊಟ್ಟದ್ದು, ನನ್ನ ಹತ್ತಿರ ಇರಲಿ. ಹಾಡಿನ ಕೊನೆಯ ಸಾಲು ತೆಗೆದೆ. ಉಳಿದದ್ದನ್ನು ಬಿಟ್ಟೆ, ಅದು ಆ ಹುಡುಗನಿಗೆ ಕೇಳಿಸಿದ್ದು. ಹದಿನೆಂಟು ಸೆಕೆಂಡನ್ನೂ ಹಾಗೆಯೇ ಬಿಟ್ಟೆ. ಇಲ್ಲಿಯವರು ಅಲ್ಲಿ ಏನೂ ಇಲ್ಲ ಎನ್ನುತ್ತಾರೆ. ಅಲ್ಲಿ ಯಾರಿದ್ದಾರೆಂದು ನನಗೆ ಗೊತ್ತು.

ಈಗ ದಿನಾ ಸಂಜೆ ನಿಮ್ಮ ಕ್ಯಾಸೆಟ್ ಹಾಕುತ್ತೇನೆ. ಮೊದಲು ನಾಚಿಕೆ ಆಯಿತು. ಆಮೇಲೆ ಕೈ ತಾನಾಗಿ ಮುಗಿಯಿತು.

ಆಗಸ್ಟ್ ಎರಡನೇ ವಾರ ಬರುತ್ತೇನೆ. ಮಮ್ಮಿಯ ನಲವತ್ತೊಂದು ಕ್ಯಾಸೆಟ್‌ಗಳನ್ನೂ ತರುತ್ತೇನೆ, ನಿಮಗೆ ಕೇಳಲಿಕ್ಕೆ. ಮೂರು ವಾರ ಇರುತ್ತೇನೆ. ಹೊರಡುವ ದಿನ ನಿಮ್ಮ ಮುಂದೆ ನಿಂತು ಕೇಳುತ್ತೇನೆ. ನೀವು ಬಾಗಿಲಲ್ಲೇ ಇರಿ ಪಪ್ಪಾ, ಅಡುಗೆಮನೆಗೆ ಹೋಗಬೇಡಿ. ಅಳು ಬಂದರೆ ಅಲ್ಲೇ ಅಳಿ.

ಬೆಸಾಂವ್ ದೀ, ಪಪ್ಪಾ.

ನಿಮ್ಮ,
ಶಾನ್